ಎಣಿಕೆ ಕಲ್ಲು

ನಮ್ಮೂರ ಗುಂಡುತೋಪಿನ ಗೇಟಿಗೆ ಒಂದು ಬೋರ್ಡು ನೇತುಹಾಕಿದ್ದಾರೆ. ಹಳದಿ ತಗಡಿನ ಮೇಲೆ ಕೆಂಪಕ್ಷರ: ‘ದೇವಸ್ಥಾನದ ಆವರಣದಲ್ಲಿ ಮಕ್ಕಳು ಆಟವಾಡುವುದನ್ನು ನಿಷೇಧಿಸಲಾಗಿದೆ.’ ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಒಮ್ಮೆ ಓದುತ್ತೇನೆ, ಸಂಜೆ ಇಳಿದು ಬರುವಾಗ ಇನ್ನೊಮ್ಮೆ. ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತದೆ, ಹೋದಾಗಲೆಲ್ಲ ಮೈ ಉರಿಯುತ್ತದೆ. ಆ ತೋಪನ್ನು ಉಳಿಸಿದ್ದೇ ಮಕ್ಕಳು ಆಡಿಕೊಳ್ಳಲಿ ಎಂದು. ಉಳಿಸಿದವನು ನನ್ನಪ್ಪ. ಮಕ್ಕಳನ್ನು ಅಲ್ಲಿಂದ ಆಚೆ ಹಾಕಿದವನೂ ಅವನೇ ಎಂದು ಅವನ ಮುಖದ ಮೇಲೇ ಹೇಳಿದ್ದೇನೆ.

ದೊಡ್ಡಬಳ್ಳಾಪುರದಿಂದ ಸಾಸಲು ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಗಂಡ ಹೊಸಕೋಟೆ ಪಕ್ಕದ ಪಿಲ್ಲಗುಂಪೆಯಲ್ಲಿ ಕಾರ್ಖಾನೆ ಕೆಲಸದಲ್ಲಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಹಾಗಾಗಿ ನಾನೂ ಮಗಳೂ ನನ್ನ ತವರಿನಲ್ಲೇ ಅಪ್ಪನ ಜೊತೆ ಇದ್ದೇವೆ. ಅಮ್ಮ ತೀರಿಕೊಂಡು ಬಹಳ ಕಾಲವಾಯಿತು. ಅಪ್ಪ ಈಗಲೂ ರಾಗಿ, ಅವರೆ ಎಂದು ಹೊಲದಲ್ಲಿ ಕೈಲಾದಷ್ಟು ಮಾಡುತ್ತಾನೆ. ನಾನು ದೊಡ್ಡಬಳ್ಳಾಪುರದ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೌಂಟರ್ ನೋಡಿಕೊಳ್ಳುತ್ತೇನೆ.

ಗುಂಡುತೋಪು ಊರಿಗೆಲ್ಲ ಸೇರಿದ್ದು. ಹುಣಸೆ, ಹೊಂಗೆ, ನೇರಳೆ ಮರಗಳು, ಮಧ್ಯೆ ಒಂದಿಷ್ಟು ಬಯಲು. ನಮ್ಮ ಕಾಲಕ್ಕೆ ಬೇಲಿಯಿರಲಿಲ್ಲ, ಗೇಟಿರಲಿಲ್ಲ, ನೋಡಿಕೊಳ್ಳುವವರೂ ಇರಲಿಲ್ಲ. ಶಾಲೆಯಿಂದ ಬಂದವರು ಬ್ಯಾಗನ್ನು ಜಗಲಿ ಮೇಲೆ ಎಸೆದು ಓಡುತ್ತಿದ್ದೆವು. ಏನು ಆಡಬೇಕೆಂದು ಅಲ್ಲಿಗೆ ಹೋದ ಮೇಲೆ ಜಗಳವಾಡಿ ತೀರ್ಮಾನವಾಗುತ್ತಿತ್ತು. ಜಗಳವೇ ಜಾಸ್ತಿಯಾಗಿ ಆಟವೇ ನಡೆಯದ ದಿನಗಳೂ ಇದ್ದವು. ಯಾವ ದೊಡ್ಡವರೂ ಬಂದು ಬಿಡಿಸಲಿಲ್ಲ. ಹುಣಸೆ ಮರದಿಂದ ಬಿದ್ದು ನನ್ನ ಎಡಗೈ ಮುರಿದಾಗ ಅಮ್ಮ ಮೊದಲು ಬೆನ್ನಿಗೆ ಎರಡು ಬಿಟ್ಟು, ಆಮೇಲೆ ಮೂಳೆ ಕಟ್ಟುವವರ ಹತ್ತಿರ ಕರೆದುಕೊಂಡು ಹೋದಳು. ಕಟ್ಟು ಬಿಚ್ಚಿದ ದಿನವೇ ನಾನು ಅದೇ ಕೊಂಬೆಯ ಮೇಲಿದ್ದೆ. ಮರ ಕಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬಯಲಿನ ಅಂಚಿಗೆ ಒಂದು ಕರಿಕಲ್ಲು ನೆಟ್ಟಿತ್ತು. ದೊಡ್ಡವರ ಸೊಂಟದಷ್ಟು ಎತ್ತರ. ಮೇಯಲು ಬಂದ ದನಗಳು ಕುತ್ತಿಗೆ ತುರಿಸಿಕೊಳ್ಳಲಿ ಎಂದು ಹಿಂದಿನವರು ನೆಟ್ಟದ್ದು. ದನ ಉಜ್ಜಿ ಉಜ್ಜಿ ಒಂದು ಮಗ್ಗುಲು ನುಣ್ಣಗಾಗಿತ್ತು. ನಮಗೆ ಅದು ಎಣಿಕೆ ಕಲ್ಲು. ಐಸ್‌ಪೈಸ್ ಆಡುವಾಗ ಕಳ್ಳ ಆದವರು ಅದಕ್ಕೆ ಹಣೆ ಒತ್ತಿ, ಕಣ್ಣು ಮುಚ್ಚಿ ಎಣಿಸಬೇಕು. ಬಚ್ಚಿಟ್ಟುಕೊಂಡವರು ಕಳ್ಳನ ಕಣ್ಣು ತಪ್ಪಿಸಿ ಬಂದು ಕಲ್ಲಿಗೆ ಅಂಗೈಯಲ್ಲಿ ಹೊಡೆದು ‘ಮುಟ್ದೆ’ ಅನ್ನಬೇಕು. ಅಂದರೆ ಗೆದ್ದ ಹಾಗೆ. ಬೇಸಿಗೆಯ ಸಂಜೆ ಕಲ್ಲು ಬಿಸಿಯಾಗಿರುತ್ತಿತ್ತು, ಹಣೆಗೆ ದನದ ಮೈ ವಾಸನೆ ಅಂಟುತ್ತಿತ್ತು. ಅಪ್ಪನೂ ಚಿಕ್ಕವನಿದ್ದಾಗ ಅಲ್ಲೇ ಎಣಿಸಿದವನು.

ಮಗಳು ತೊಟ್ಟಿಲಲ್ಲಿದ್ದಾಗ ತೋಪಿನ ಪಕ್ಕದ ಹೊಲಗಳೆಲ್ಲ ಲೇಔಟಾದವು. ಸೈಟು ಮಾಡುವವರಿಗೆ ತೋಪಿನ ಮೇಲೂ ಕಣ್ಣು ಬಿತ್ತು. ಒಂದು ಬೆಳಿಗ್ಗೆ ದಾರಿ ಬಿಡಿಸುವ ನೆಪದಲ್ಲಿ ಜೆಸಿಬಿ ತಂದು ನಿಲ್ಲಿಸಿದರು. ತಾಲ್ಲೂಕು ಕಚೇರಿಗೆ ಹೋಗಿ ಬರುವುದರೊಳಗೆ ಮರ ಮಲಗಿರುತ್ತದೆ ಎಂದು ನಮ್ಮವರಿಗೆ ಗೊತ್ತಿತ್ತು. ಆಗ ಅಪ್ಪ ಮಾಡಿದ್ದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸವೇ. ಒಂದು ಬಿಂದಿಗೆ ನೀರು ಕೊಂಡೊಯ್ದು ಎಣಿಕೆ ಕಲ್ಲನ್ನು ತೊಳೆದ. ಅರಿಶಿನ ಬಳಿದ, ಕುಂಕುಮ ಇಟ್ಟ, ನಿಂಬೆಹಣ್ಣು ಕುಯ್ದಿಟ್ಟು ಕಾಯಿ ಒಡೆದ. ‘ಇಲ್ಲಿ ಮುನೇಶ್ವರ ಅವ್ನೆ, ನೋಡ್ಕೊಂಡು ಗಾಡಿ ಬಿಡಪ್ಪ’ ಅಂದ. ಜೆಸಿಬಿ ಡ್ರೈವರ್ ತಮಿಳಿನವನು. ಗಾಡಿಯಿಂದ ಇಳಿದು, ಚಪ್ಪಲಿ ಬಿಟ್ಟು, ಕೆನ್ನೆ ಕೆನ್ನೆ ಬಡಿದುಕೊಂಡು, ಮಾಲೀಕರು ಎಷ್ಟು ಕೂಗಾಡಿದರೂ ಕೇಳದೆ ವಾಪಸ್ಸು ಹೊರಟುಹೋದ.

ಅವತ್ತು ಊರೆಲ್ಲ ನಕ್ಕಿತ್ತು. ಅಪ್ಪ ಮನೆಗೆ ಬಂದವನೇ ತೊಟ್ಟಿಲು ತೂಗಿ, ‘ನಿಂಗೆ ಆಡಕ್ಕೆ ಜಾಗ ಮಡಗಿವ್ನಿ ಕಣವ್ವ’ ಎಂದು ಮಗುವಿಗೆ ಹೇಳಿದ್ದು ನನಗೆ ನೆನಪಿದೆ. ಆ ಮಾತು ನೆನಪಿರುವುದರಿಂದಲೇ ಇಷ್ಟು ಸಿಟ್ಟು.

ಕಲ್ಲನ್ನು ದೇವರು ಮಾಡುವುದು ಒಂದು ಬೆಳಗಿನ ಕೆಲಸ. ದೇವರನ್ನು ಮತ್ತೆ ಕಲ್ಲು ಮಾಡಲು ಯಾರಿಂದಲೂ ಆಗುವುದಿಲ್ಲ. ಮೊದಲು ಸುತ್ತ ಒಂದು ಕಟ್ಟೆ ಬಂತು. ಕಟ್ಟೆ ಇದ್ದ ಮೇಲೆ ನೆರಳು ಬೇಡವೇ ಎಂದು ತಗಡಿನ ಸೂರು ಬಂತು. ಮುನೇಶ್ವರ ಹೊಲ ಕಾಯುವ ದೇವರು, ಬಯಲಲ್ಲಿ ತಿರುಗಾಡುವವನು, ಅವನಿಗೆ ಸೂರು ಕಟ್ಟಬಾರದು ಎಂದು ಹಳೆಯ ಹೆಂಗಸರು ಗೊಣಗಿದರು. ಅವರ ಮಾತು ಯಾರಿಗೆ ಬೇಕು. ಆಮೇಲೆ ಗ್ರಿಲ್ಲು, ಆಮೇಲೆ ಟೈಲ್ಸು, ಆಮೇಲೆ ತೋಪಿನ ಸುತ್ತ ಕಾಂಪೌಂಡು. ಬಯಲಿಗೆ ಸಿಮೆಂಟು ಇಟ್ಟಿಗೆ ಹಾಸಿದರು. ಎಲೆ ಉದುರಿ ಗಲೀಜಾಗುತ್ತದೆ ಎಂದು ನಾನು ಕೈ ಮುರಿದುಕೊಂಡ ಕೊಂಬೆಯನ್ನು ಕಡಿದರು. ಇದಕ್ಕೆಲ್ಲ ಮುಂದೆ ನಿಂತು ವಂತಿಗೆ ಕೊಟ್ಟವರು ಅದೇ ಲೇಔಟಿನವರು. ಜೆಸಿಬಿ ತಂದವರ ಹೆಸರು ಈಗ ದಾನಿಗಳ ಕಲ್ಲಿನ ಮೇಲೆ ಎಲ್ಲರಿಗಿಂತ ಮೇಲಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತು.

ದೇವಸ್ಥಾನದ ಕಮಿಟಿಯ ಅಧ್ಯಕ್ಷ ನನಗಿಂತ ಒಂದು ವರ್ಷ ಚಿಕ್ಕವನು. ನಮ್ಮ ಜೊತೆ ಆಡಿ ಬೆಳೆದವನು. ಎಣಿಸುವಾಗ ಬೆರಳ ಸಂದಿಯಲ್ಲಿ ನೋಡುತ್ತಿದ್ದ ಏಕೈಕ ಹುಡುಗ. ಆ ಬೋರ್ಡು ಬರೆಸಿದವನು ಅವನೇ.

ಹಾಗಾದರೆ ಮಕ್ಕಳು ಎಲ್ಲಿ ಆಡಬೇಕು? ರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರುಗಳು ಓಡುತ್ತವೆ. ಲೇಔಟಿನ ಪಾರ್ಕಿನಲ್ಲಿ ಕಾವಲಿನವನು ‘ಯಾವ ಸೈಟು’ ಎಂದು ಕೇಳುತ್ತಾನೆ. ಹೊಲಕ್ಕೆಲ್ಲ ತಂತಿ. ಶಾಲೆಯ ಬಯಲಿನಲ್ಲಿ ಬಸ್ಸು ನಿಲ್ಲಿಸುತ್ತಾರೆ. ಸಂಜೆಯಾದರೆ ಟ್ಯೂಷನ್, ಟ್ಯೂಷನ್ ಮುಗಿದರೆ ಮೊಬೈಲು. ನನ್ನ ಕೌಂಟರಿಗೆ ತಾಯಂದಿರು ಮಕ್ಕಳಿಗೆ ಡಾಕ್ಟರು ಬರೆದುಕೊಟ್ಟ ವಿಟಮಿನ್ ಡಿ ಚೀಟಿ ಹಿಡಿದು ಬರುತ್ತಾರೆ. ರಾಗಿ ಬೆಳೆಯುವ ಊರಿನ ಮಕ್ಕಳಿಗೆ ನಾನು ಬಿಸಿಲನ್ನು ಪುಡಿ ಮಾಡಿ ಪೊಟ್ಟಣದಲ್ಲಿ ಮಾರುತ್ತಿದ್ದೇನೆ. ಹಾಲಿನಲ್ಲಿ ಕಲಸಿ ಕೊಡಿ ಎಂದು ಹೇಳುವಾಗ ನಾಲಿಗೆಯ ತುದಿಗೆ ಬೇರೆ ಮಾತು ಬಂದಿರುತ್ತದೆ, ನುಂಗಿಕೊಳ್ಳುತ್ತೇನೆ.

ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ನಮ್ಮೂರಿನಿಂದ ಸ್ವಲ್ಪ ದೂರದಲ್ಲಿ ಒಂದು ರೆಸಾರ್ಟಾಗಿದೆ. ಶನಿವಾರ ಭಾನುವಾರ ಬೆಂಗಳೂರಿನ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ‘ಹಳ್ಳಿ ಆಟ’ ಆಡಿಸುತ್ತಾರೆ. ಕೆಸರಿಗೆ ಬೇರೆ ಟಿಕೆಟ್ಟು, ಕುಂಟೆಬಿಲ್ಲೆಗೆ ಬೇರೆ. ಟೋಪಿ ಹಾಕಿದ ಒಬ್ಬ ಸೀಟಿ ಊದುತ್ತ ಹೇಗೆ ಕುಂಟಬೇಕೆಂದು ಕಲಿಸುತ್ತಾನೆ. ನಮ್ಮೂರ ಮಕ್ಕಳು ಬೇಲಿಯ ಈಚೆ ನಿಂತು ಅದನ್ನು ನೋಡುತ್ತಾರೆ.

ಹೋದ ಬೇಸಿಗೆಯ ಒಂದು ಸಂಜೆ ನಾನು ಕೆಲಸದಿಂದ ಬಂದು ಇನ್ನೂ ಕಾಲು ತೊಳೆದಿರಲಿಲ್ಲ, ಅಧ್ಯಕ್ಷ ನನ್ನ ಮಗಳ ರಟ್ಟೆ ಹಿಡಿದು ಬಾಗಿಲಿಗೆ ಬಂದ. ಒಂಬತ್ತು ವರ್ಷದ ಹುಡುಗಿ. ಹಣೆ, ಮೂಗು, ಗಲ್ಲದ ತುಂಬ ಕುಂಕುಮ ಮೆತ್ತಿತ್ತು. ನೋಡಿದ ಕೂಡಲೇ ನನಗೆ ಅರ್ಥವಾಯಿತು. ಕಾಂಪೌಂಡು ಹಾರಿ, ಗ್ರಿಲ್ಲಿನ ಸಂದಿಯಲ್ಲಿ ನುಸುಳಿ, ಎಣಿಕೆ ಕಲ್ಲಿಗೆ ಹಣೆ ಒತ್ತಿ ಎಣಿಸಿದ್ದಾಳೆ. ಕಲ್ಲಿನ ಕಥೆಯನ್ನು ಅವಳಿಗೆ ಹೇಳಿದ್ದವಳು ನಾನೇ.

‘ನೋಡಕ್ಕ ನಿನ್ನ ಮಗಳ್ನ,’ ಅಂದ. ‘ಹುಡುಗ್ರು ನಾಲ್ಕು ಜನ ಓಡೋದ್ರು, ಇವ್ಳು ಸಿಕ್ಲು. ಹೆಣ್ಮಗು, ದೇವ್ರ ಕಲ್ಲು ಮುಟ್ಟೋದಾ? ಶುದ್ಧ ಮಾಡಿಸ್ಬೇಕು ಈಗ. ತಪ್ಪುಕಾಣ್ಕೆ ಹಾಕ್ಬೇಕು ನೀವು.’

‘ಮೊದ್ಲು ಕೈ ಬಿಡು,’ ಅಂದೆ.

ಬಿಟ್ಟ. ಮಗುವಿನ ತೋಳಿನಲ್ಲಿ ಬೆರಳಿನ ಗುರುತು ಮೂಡಿತ್ತು.

‘ಆ ಕಲ್ಲಿಗೆ ನಿಮ್ಮನೆ ಕೆಂದಹಸು ಮೈ ತುರಿಸ್ಕೊಳ್ತಿತ್ತು, ಮರ್ತೋಯ್ತಾ? ನೀನು ಅದ್ರ ಮೇಲೆ ಕಾಲಾಡಿಸ್ಕೊಂಡು ಕೂತಿರ್ತಿದ್ದೆ. ಆವಾಗ ಯಾರು ಶುದ್ಧ ಮಾಡಿದ್ರು?’

‘ಅದು ಆವಾಗ ಅಕ್ಕ. ಈಗ ದೇವ್ರು ಅವ್ನೆ. ಊರು ಉದ್ಧಾರ ಆಗ್ತಿರೋದೇ ಅವ್ನಿಂದ. ಆಡಕ್ಕೆ ಬೇರೆ ಕಡೆ ಹೋಗ್ಲಿ.’

‘ಯಾವ ಕಡೆ? ಕೈ ತೋರ್ಸು. ಈ ಜಗಲಿ ಮೇಲೆ ನಿಂತ್ಕೊಂಡು ಕೈ ತೋರ್ಸಪ್ಪ, ಕಳಿಸ್ತೀನಿ.’

ಅವನು ನಿಜಕ್ಕೂ ಸುತ್ತ ನೋಡಿದ. ಟಿಪ್ಪರು ಹೋಗುತ್ತಿದ್ದ ರಸ್ತೆ ನೋಡಿದ, ತಂತಿ ನೋಡಿದ, ಲೇಔಟಿನ ಕಮಾನು ನೋಡಿದ. ಕೈ ಮೇಲೇಳಲಿಲ್ಲ. ‘ನಿನ್ ಹತ್ರ ಮಾತಾಡಕ್ಕಾಗಲ್ಲ, ದೊಡ್ಡಪ್ಪಂಗೆ ಹೇಳ್ತೀನಿ’ ಎಂದು ಒಳಗೆ ಕೂತಿದ್ದ ನನ್ನಪ್ಪನ ಕಡೆ ತಿರುಗಿದ. ಅಪ್ಪ ತಲೆ ತಗ್ಗಿಸಿಕೊಂಡು, ‘ಕಾಣ್ಕೆ ಹಾಕ್ತೀವಿ, ಹೋಗಪ್ಪ’ ಅಂದ.

ಅಧ್ಯಕ್ಷನ ಮೇಲೆ ಬಂದಿದ್ದ ಸಿಟ್ಟೆಲ್ಲ ಅಪ್ಪನ ಕಡೆ ಹರಿಯಿತು. ‘ಅಪ್ಪ, ಅದು ದನ ಉಜ್ಜೋ ಕಲ್ಲು ಅಂತ ಒಂದ್ ಮಾತು ಹೇಳಕ್ಕೆ ನಿಂಗೇನಾಗಿತ್ತು? ಅರಿಶಿನ ಬಳ್ದೋನು ನೀನು. ನಿಂಗೊಬ್ಬಂಗೇ ಆ ಮಾತಿನ ಹಕ್ಕು ಇರೋದು.’

ಅಪ್ಪ ಕಾಲು ನೀವಿಕೊಂಡ. ಮೂರು ವರ್ಷದ ಹಿಂದೆ ಅವನಿಗೆ ಒಂದು ಕಡೆ ಕೈಕಾಲು ಬಿದ್ದುಹೋಗಿತ್ತು. ಮಾತ್ರೆ ಕೊಟ್ಟವಳು ನಾನು, ಕಾಲು ತಿಕ್ಕಿದವಳು ನಾನು. ಆದರೆ ಎದ್ದು ನಡೆದಾಗ ಅವನು ಮೊದಲು ಹೋಗಿದ್ದು ಮುನೇಶ್ವರನ ಹತ್ತಿರ.

‘ನಾನು ಕರೀಲಿಲ್ಲ ಕಣವ್ವ, ಅವ್ನೇ ಬಂದ್ಬಿಟ್ಟ,’ ಅಂದ. ‘ಅವತ್ತು ನಾಟ್ಕ ಮಾಡ್ದೆ, ನಿಜ. ಈಗ ನಾಟ್ಕ ಅಲ್ಲ. ಅವ್ನು ಇಲ್ದಿದ್ರೆ ನಾನು ಈ ಕಾಲ ಮೇಲೆ ನಿಲ್ತಿದ್ನಾ? ಈಗೋಗಿ “ನೀನು ಬರೀ ಕಲ್ಲು” ಅಂತ ಅವ್ನ ಮುಂದೆ ಹೆಂಗೆ ಹೇಳ್ಲಿ?’

‘ಹೇಳ್ಬೇಡ. ಅವ್ನು ಕಲ್ಲಲ್ಲ, ದೇವ್ರೇ ಇರ್ಲಿ. ದೇವ್ರಿಗೆ ಮಕ್ಳು ಬೇಡ ಅಂತ ನಿಂಗ್ಯಾರು ಹೇಳಿದ್ರು? ನಾಲ್ಕು ಗೋಡೆ ಮಧ್ಯೆ ಬೀಗ ಜಡ್ದು ಕೂರ್ಸಿದೀರ ಅವ್ನನ್ನ. ನನ್ನ ಮಗಳ್ನ ಆಚೆ ಹಾಕಿದೀರ. ತೊಟ್ಟಿಲು ತೂಗ್ಕೊಂಡು ಏನೋ ಹೇಳ್ದೆ ನೀನು, ನೆನಪೈತಾ?’

ಅಪ್ಪ ಬಚ್ಚಲಿನ ಕಡೆ ನೋಡಿದ. ಮಗಳು ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಳು. ಕುಂಕುಮ ಬಿಟ್ಟರೂ ಹಣೆ ಕೆಂಪಗೇ ಉಳಿದಿತ್ತು.

ಮುಂದಿನ ಅಮಾವಾಸ್ಯೆ ಪೂಜೆಗೆ ನಾನು ಹೋಗಬಾರದೆಂದಿದ್ದೆ. ಅಪ್ಪ, ‘ಬಾ, ಮಗೂನೂ ಕರ್ಕೊಂಡು ಬಾ’ ಎಂದ. ಅವನ ಧ್ವನಿಯಲ್ಲಿ ಏನೋ ಇತ್ತು, ಹೋದೆ. ಸಂಜೆ ಇನ್ನೂ ಬೆಳಕಿತ್ತು. ಊರಿನವರು, ಲೇಔಟಿನವರು ಎಲ್ಲ ಸೇರಿದ್ದರು. ಮಕ್ಕಳನ್ನು ತೆಪ್ಪಗೆ ಸಾಲಾಗಿ ಕೂರಿಸಿದ್ದರು. ದೇವರನ್ನು ಮೊದಲು ಪೂಜಿಸಿದವನೆಂದು ಮೊದಲ ಮಂಗಳಾರತಿ ಯಾವಾಗಲೂ ಅಪ್ಪನಿಗೆ. ಪೂಜಾರಿ ತಟ್ಟೆ ಹಿಡಿದ. ಅಪ್ಪ ಆರತಿ ತೆಗೆದುಕೊಳ್ಳಲಿಲ್ಲ. ಪೂಜಾರಿಯನ್ನು ದಾಟಿ ಒಳಗೆ ಹೋದ, ಕೋಲನ್ನು ಕಲ್ಲಿಗೆ ಒರಗಿಸಿದ, ಬಗ್ಗಿ ಕಲ್ಲಿಗೆ ಹಣೆಯಿಟ್ಟು ಎರಡು ಕೈಯಲ್ಲೂ ಕಣ್ಣು ಮುಚ್ಚಿಕೊಂಡ.

‘ಒಂದು,’ ಅಂದ. ‘ಎರಡು. ಮೂರು.’

ಗಂಟೆ ಬಾರಿಸುತ್ತಿದ್ದವನು ನಿಲ್ಲಿಸಿದ. ಹೆಂಗಸರ ನಡುವೆ ಯಾರೋ ‘ಮೈಮೇಲೆ ಬಂದೈತೆ’ ಅಂದರು. ಅಧ್ಯಕ್ಷ ಕೈಮುಗಿದು ಮುಂದೆ ಬಂದು ನಿಂತ. ನೆರೆದವರೆಲ್ಲ ಕೈಮುಗಿದರು. ಮಕ್ಕಳಿಗೆ ಮಾತ್ರ ಅದು ಏನೆಂದು ಗೊತ್ತಿತ್ತು. ಮೊದಲು ಎದ್ದವಳು ನನ್ನ ಮಗಳು. ಅವಳು ಓಡಿದ್ದೇ ತಡ, ಸಾಲೆಲ್ಲ ಎದ್ದು ಚದುರಿತು. ಹೊಂಗೆ ಮರದ ಹಿಂದೆ, ದಾನಿಗಳ ಕಲ್ಲಿನ ಹಿಂದೆ, ಅಜ್ಜಿಯರ ಸೆರಗಿನ ಹಿಂದೆ ನುಗ್ಗಿದರು.

ಅಪ್ಪ ಎಣಿಸಿ ಮುಗಿಸಿ ತಿರುಗಿದ. ಅವನ ಕಣ್ಣಿಗೆ ಪೊರೆ ಬಂದಿದೆ, ದೂರದ್ದು ಕಾಣುವುದಿಲ್ಲ. ಎದುರಿಗೆ ಕೈಮುಗಿದು ನಿಂತಿದ್ದವನ ಭುಜ ಹಿಡಿದ.

‘ಅಪ್ಪಣೆ ಆಗ್ಲಿ ಸ್ವಾಮಿ,’ ಅಂದ ಅಧ್ಯಕ್ಷ.

‘ನೀನು ಸಿಕ್ಕೊಂಡೆ. ಎಣ್ಸು,’ ಅಂದ ಅಪ್ಪ. ‘ಬೆರಳ ಸಂದೀಲಿ ನೋಡ್ಬೇಡ.’

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅಧ್ಯಕ್ಷ ಕಲ್ಲಿಗೆ ಹಣೆ ಹಚ್ಚಿ ಎಣಿಸಿದ. ಮಕ್ಕಳು ಕತ್ತಲಾಗುವವರೆಗೆ ತೋಪಿನ ತುಂಬ ಓಡಾಡಿದರು. ಒಬ್ಬರೂ ತಡೆಯಲಿಲ್ಲ. ದೇವರ ಅಪ್ಪಣೆಯನ್ನು ಯಾರು ಮೀರುತ್ತಾರೆ.

ಮನೆಗೆ ಬಂದ ಮೇಲೆ, ‘ಅವ್ನು ಬಂದಿದ್ನೋ, ನೀನೇ ಮಾಡಿದ್ದೋ?’ ಎಂದು ಕೇಳಿದೆ. ಅಪ್ಪ ಮುದ್ದೆ ಮುರಿಯುತ್ತಿದ್ದ. ‘ನಂಗೊತ್ತಿಲ್ಲ ಕಣವ್ವ. ಸಾರು ಹಾಕು,’ ಅಂದ.

ಇಲ್ಲಿಗೆ ಮುಗಿದಿದ್ದರೆ ನಾನು ಸಿಟ್ಟು ಮರೆತು ಊರಿಗೆಲ್ಲ ಪಾಯಸ ಹಂಚುತ್ತಿದ್ದೆ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ. ಕಮಿಟಿ ಕೂತು ದೇವರ ಅಪ್ಪಣೆಗೆ ಅರ್ಥ ಹಚ್ಚಿತು. ಇನ್ನು ಮೇಲೆ ಅಮಾವಾಸ್ಯೆಗೊಮ್ಮೆ, ಪೂಜೆಯ ನಂತರ, ‘ಬಾಲಕ್ರೀಡಾ ಸೇವೆ’ ನಡೆಯತಕ್ಕದ್ದು. ಮಿಕ್ಕ ದಿನ ಬೀಗ ಇದ್ದೇ ಇರುತ್ತದೆ. ಕೋಲೂ ಮುರಿಯಲಿಲ್ಲ, ಹಾವೂ ಸಾಯಲಿಲ್ಲ. ನಿಷೇಧದ ಬೋರ್ಡಿನ ಕೆಳಗೇ ಸೇವೆಯ ಬೋರ್ಡೂ ಬಂತು.

ಮೊದಲ ಸೇವೆಯನ್ನು ನಾನೇ ನಿಂತು ನೋಡಿದೆ. ಮಕ್ಕಳಿಗೆ ಸ್ನಾನ ಮಾಡಿಸಿ ಒಗೆದ ಬಟ್ಟೆ ಹಾಕಿಸಿದ್ದರು. ಲೇಔಟಿನ ಒಬ್ಬರು ಸೀಟಿ ತಂದಿದ್ದರು. ಕಲ್ಲನ್ನು ಮುಟ್ಟಬಾರದು, ಗ್ರಿಲ್ಲಿಗೆ ಹಣೆಯಿಟ್ಟು ಎಣಿಸಬೇಕು. ಜೋರಾಗಿ ಓಡಿದರೆ ಬೀಳುತ್ತೀರಿ, ನಡೆಯಿರಿ. ಕೂಗಬೇಡಿ. ಪ್ರತಿ ಮಗುವಿನ ಹಿಂದೆ ಒಬ್ಬ ತಾಯಿ, ಪ್ರತಿ ತಾಯಿಯ ಕೈಯಲ್ಲಿ ಒಂದು ಮೊಬೈಲು. ಮಕ್ಕಳು ಮದುವೆ ಮನೆಯಲ್ಲಿ ಫೋಟೋಗೆ ನಿಂತವರ ಹಾಗೆ ಬಿಗಿದುಕೊಂಡು ನಿಂತಿದ್ದರು. ಸೀಟಿ ಊದಿದಾಗ ಮುಗಿಯಿತು. ಪ್ರಸಾದಕ್ಕೆ ಸಾಲು ನಿಲ್ಲಿಸಿದರು.

ಮಗಳು ಮನೆಗೆ ಬಂದು ಅಪ್ಪನ ಪಕ್ಕ ಕೂತಳು. ‘ತಾತ, ಇದು ಆಟ ಅಲ್ಲ,’ ಅಂದಳು. ‘ಇನ್ಮೇಲೆ ನಾನು ಬರಲ್ಲ.’ ಅಳಲಿಲ್ಲ. ಬಟ್ಟೆ ಬದಲಾಯಿಸಿ ಮೊಬೈಲು ತೆಗೆದುಕೊಂಡು ಮೂಲೆ ಸೇರಿದಳು. ಅಷ್ಟು ದಿನ ಬಯ್ದು ಕಿತ್ತುಕೊಳ್ಳುತ್ತಿದ್ದ ನಾನು ಅವತ್ತು ಯಾವ ಬಾಯಲ್ಲಿ ಬಯ್ಯಲಿ. ಅಪ್ಪ ಅವಳನ್ನೇ ನೋಡುತ್ತ ಕೂತ. ಮುಖಕ್ಕೆ ಬೀಳುವ ಆ ನೀಲಿ ಬೆಳಕನ್ನು ಅವನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು.

ಮಾರನೆಯ ದಿನ ಸಂಜೆ ನಾನು ಬಸ್ಸಿಳಿದಾಗ ತೋಪಿನ ಗೇಟಿನ ಮುಂದೆ ಜನ ಸೇರಿದ್ದರು. ಅಮಾವಾಸ್ಯೆಯಲ್ಲ, ಹಬ್ಬವಲ್ಲ, ಏನೂ ಅಲ್ಲದ ದಿನ. ಮಗಳಿಗೇ ಏನೋ ಆಯಿತೆಂದು ಓಡಿದೆ. ಅಪ್ಪ ಬೀಗ ಹಾಕಿದ ಗೇಟಿನ ಕಂಬಿಗೆ ಹಣೆಯೊತ್ತಿ, ಕೈಯಲ್ಲಿ ಕಣ್ಣು ಮುಚ್ಚಿ, ಜೋರಾಗಿ ಎಣಿಸುತ್ತಿದ್ದ. ಒಂದು ಕಡೆ ಕಾಲು ನಡುಗುತ್ತಿತ್ತು. ಮಕ್ಕಳು ಅವನ ಎರಡೂ ಪಕ್ಕದಿಂದ ಕಾಂಪೌಂಡು ಹತ್ತಿ ಒಳಕ್ಕೆ ಹಾರುತ್ತಿದ್ದರು. ಮಣ್ಣಾದ ಬಟ್ಟೆಯವರು, ಚಪ್ಪಲಿ ಇಲ್ಲದವರು, ಟ್ಯೂಷನ್ ಬ್ಯಾಗನ್ನು ಗೋಡೆಯ ಬುಡಕ್ಕೆ ಎಸೆದವರು.

ಅಧ್ಯಕ್ಷ ಬೀಗದ ಕೈ ಹಿಡಿದು ನಿಂತಿದ್ದ. ಹಿಂದಕ್ಕೆ ಎಳೆಯೋಣವೆಂದರೆ ದೇವರೇ ಇದ್ದುಬಿಟ್ಟರೆ ಎಂಬ ಹೆದರಿಕೆ. ಕೈಮುಗಿಯೋಣವೆಂದರೆ ಇದು ಬರೀ ಮುದುಕನಾಗಿದ್ದರೆ ಎಂಬ ನಾಚಿಕೆ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ.

‘ಅಕ್ಕ, ನಿಜ ಹೇಳು. ಇದು ದೇವ್ರಾ, ದೊಡ್ಡಪ್ಪನಾ?’

‘ಬೀಗ ತೆಗ್ದು ನೀನೇ ಕೇಳು,’ ಅಂದೆ.

ಅವನು ಬೀಗದ ಕೈಯನ್ನು ಒಮ್ಮೆ ನೋಡಿದ, ಅಪ್ಪನ ಬೆನ್ನನ್ನು ಒಮ್ಮೆ ನೋಡಿದ. ಅಷ್ಟರಲ್ಲಿ ಒಳಗಿನಿಂದ, ಸೂರಿನ ಕೆಳಗಿನಿಂದ, ಕಲ್ಲಿಗೆ ಅಂಗೈ ಬಡಿದ ಸದ್ದು ಬಂತು. ಹಿಂದೆಯೇ ನನ್ನ ಮಗಳ ಗಂಟಲು, ‘ಮುಟ್ದೆ.’